ಮೀನಿನ ಮನೆ: ಹರಿದ ಬಾಲ ಮತ್ತೆ ಬೆಳೆಯುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಟ್ಟಾ ಮೀನಿನವೇ. ಅಂಗಡಿಯಲ್ಲಿ ಫೈಟರ್ ಅಂತಾರಲ್ಲ, ಅದೇ. ನಮ್ಮ ಕಡೆ ಚಳಿ ಬಿತ್ತೆಂದರೆ ಈ ಮೀನುಗಳ ರೆಕ್ಕೆಯ ತೊಂದರೆ ಶುರುವಾಗುತ್ತದೆ. ಮೊದಲ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರಿಗೂ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ, ದಯವಿಟ್ಟು ಅದನ್ನೂ ಓದಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಮಗನ ಹುಟ್ಟುಹಬ್ಬಕ್ಕೆ ಅವನ ಸೋದರಮಾವ ನೀಲಿ ಬೆಟ್ಟಾ ಮೀನು ತಂದುಕೊಟ್ಟಿದ್ದ. 4 ಲೀಟರಿನ ಗಾಜಿನ ಬೌಲಿನಲ್ಲಿ ಇಟ್ಟಿದ್ದೇವೆ. ಬೋರಿನ ನೀರು, ಒಂದು ಪ್ಲಾಸ್ಟಿಕ್ ಗಿಡ. ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ, ಚರಗ ಚೆಲ್ಲಿ, ಮೂರನೇ ದಿನ ವಾಪಸ್ ಬಂದು ನೋಡಿದರೆ ಬಾಲ ಎರಡು ಕಡೆ ಸೀಳಿದೆ. ಈಗ ಅಂಚು ಕಪ್ಪಾಗುತ್ತಿದೆ. ಹೋಗುವಾಗ ಉಪವಾಸ ಬೀಳಬಾರದೆಂದು ಕಾಳು ಸ್ವಲ್ಪ ಜಾಸ್ತಿಯೇ ಹಾಕಿದ್ದೆ. ಪರಿಚಯದವರೊಬ್ಬರು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಿ ಅಂತಾರೆ. ಹಾಕಲಾ? ಬಾಲ ಮತ್ತೆ ಬರುತ್ತದಾ? ಮಗ ಸರಿಯಾಗಿ ಊಟ ಮಾಡುತ್ತಿಲ್ಲ.
— ಒಬ್ಬ ತಾಯಿ, ಕಲಬುರಗಿ

ಉತ್ತರ: ತಂಗೀ, ಮೊದಲು ಮಗನಿಗೆ ಹೇಳಿ, ಬಾಲ ಬರುತ್ತದೆ. ಮೀನಿನ ರೆಕ್ಕೆ ಕೊಡೆಯ ಹಾಗೆ. ಸಣ್ಣ ಸಣ್ಣ ಕಡ್ಡಿ, ಕಡ್ಡಿಗಳ ನಡುವೆ ತೆಳು ಪೊರೆ. ಪೊರೆ ಸೀಳಿದರೆ ಕೂಡಿಕೊಳ್ಳುತ್ತದೆ. ಕಡ್ಡಿಯ ತುದಿ ಹೋದರೂ ಬೆಳೆಯುತ್ತದೆ. ರೆಕ್ಕೆ ಕೊಳೆಯುತ್ತ ಮೈಯ ಬುಡಕ್ಕೆ ಮುಟ್ಟಿದರೆ ಮಾತ್ರ ಕಷ್ಟ. ನಿಮ್ಮದು ಅಲ್ಲಿಗೆ ಹೋಗಿಲ್ಲ.

ಕ್ಯಾಪ್ಸೂಲ್ ಹಾಕಬೇಡಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. 2007ರಲ್ಲಿ ನನ್ನ ಮೊದಲ ಫೈಟರ್‌ಗೆ ಇದೇ ತೊಂದರೆ ಬಂದಿತ್ತು. ಕೆಂಪು ಮೀನು, ಕೈ ತೋರಿಸಿದರೆ ಗಾಜಿನ ಹತ್ತಿರ ಓಡಿ ಬರುತ್ತಿತ್ತು. ಯಾರೋ ಹೇಳಿದರೆಂದು ಮನೆಯಲ್ಲಿದ್ದ ಕ್ಯಾಪ್ಸೂಲ್ ಬಿಚ್ಚಿ ಹಾಕಿದೆ. ನೀರು ಹಳದಿಯಾಯಿತು, ಎರಡು ದಿನಕ್ಕೆ ಕಂದು ತಿರುಗಿತು. ಔಷಧ ಕೆಲಸ ಮಾಡಲಿ ಎಂದು ನೀರು ಬದಲಿಸದೇ ಕಾದೆ. ನಾಲ್ಕನೇ ದಿನ ಬೆಳಿಗ್ಗೆ ಮೀನು ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಟೆಟ್ರಾಸೈಕ್ಲಿನ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಔಷಧ ಮೀನಿಗೆ ಹೆಚ್ಚು ದಕ್ಕುವುದಿಲ್ಲ. ಬೆಳಕಿಗೆ ಅದು ಕೆಡುತ್ತದೆ ಕೂಡ. ನಮ್ಮ ಜಿಲ್ಲೆಯ ಹಲವು ಕಡೆ ನೆಲದಡಿ ಇರುವುದು ಶಹಾಬಾದಿ ಪರಸಿ, ಅಂದರೆ ಸುಣ್ಣದ ಕಲ್ಲು. ಸ್ನಾನದ ಹಂಡೆಯೊಳಗೆ ಬಿಳಿ ಪದರ ಕೂರುತ್ತದಲ್ಲ, ಅದೇ ಕ್ಯಾಲ್ಸಿಯಂ. ಇಂಥ ಸವಳು ನೀರಿಗೆ ಆ ಕ್ಯಾಪ್ಸೂಲ್ ಹಾಕಿದರೆ ಮೀನಿಗೆ ಸಿಗುವುದು ಕೆಟ್ಟ ನೀರು ಮಾತ್ರ.

ಇನ್ನು ನಿಮ್ಮ ಬೌಲಿನಲ್ಲಿ ಏನಾಗಿರಬಹುದು ನೋಡೋಣ. ಎರಡು ಬೇರೆ ಬೇರೆ ತೊಂದರೆ ಸೇರಿವೆ ಅಂತ ನನಗೆ ಅನಿಸುತ್ತದೆ. ಸೀಳಿದ್ದು ಪ್ಲಾಸ್ಟಿಕ್ ಗಿಡ. ಕಪ್ಪಾಗಿಸಿದ್ದು ಕಾಳು.

ಪ್ಲಾಸ್ಟಿಕ್ ಗಿಡವನ್ನು ಹೊರಗೆ ತೆಗೆದು, ಮೇಲೆ ತೆಳುವಾದ ಹಳೆಯ ದುಪಟ್ಟಾ ಎಳೆದು ನೋಡಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೀನಿನ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ನಾನು ಹೊಸದಾಗಿ ಏನೇ ತಂದರೂ, ಗಿಡವಿರಲಿ, ಮಣ್ಣಿನ ಗೊಂಬೆ ಇರಲಿ, ಹೀಗೆ ನೋಡದೇ ನೀರಿಗೆ ಇಳಿಸುವುದಿಲ್ಲ. ಗಿಡ ಬೇಕೇ ಬೇಕೆಂದರೆ ಬಟ್ಟೆಯದು ಇಡಿ. ಅಥವಾ ಅನುಬಿಯಾಸ್, ಜಾವಾ ಫರ್ನ್ ತರಹದ ಜೀವಂತ ಗಿಡ. ಅವಕ್ಕೆ ಜಾಸ್ತಿ ಬೆಳಕು ಬೇಡ, ಎಲೆ ಚುಚ್ಚುವುದಿಲ್ಲ.

ಕಾಳಿನ ವಿಷಯ ಇದಕ್ಕಿಂತ ದೊಡ್ಡದು. ಮೀನು ತಿನ್ನದೇ ಬಿಟ್ಟ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಮೀನಿನ ಹೊಲಸಿನಿಂದಲೂ ಅದೇ ಬರುತ್ತದೆ. ಅಮೋನಿಯಾ ರೆಕ್ಕೆಯನ್ನೂ ಕಿವಿರನ್ನೂ ಸುಡುತ್ತದೆ. ಸುಟ್ಟ ಜಾಗಕ್ಕೆ ನೀರಿನಲ್ಲಿ ಯಾವಾಗಲೂ ಇರುವ ಬ್ಯಾಕ್ಟೀರಿಯಾ ಹತ್ತಿಕೊಳ್ಳುತ್ತದೆ. ಅದಕ್ಕೇ ರೆಕ್ಕೆ ಕೊಳೆ ಅನ್ನುವುದು. ಇಲ್ಲಿ ನಮ್ಮ ಭಾಗದವರು ಒಂದು ಮಾತು ನೆನಪಿಡಬೇಕು. ಅಮೋನಿಯಾದಲ್ಲಿ ಎರಡು ರೂಪ ಇವೆ, ಒಂದು ಹೆಚ್ಚು ವಿಷ, ಇನ್ನೊಂದು ಕಡಿಮೆ. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7ರಿಂದ 8ಕ್ಕೆ ಏರಿದರೆ ಹೆಚ್ಚು ವಿಷದ ರೂಪ ಸುಮಾರು 10 ಪಟ್ಟು ಆಗುತ್ತದೆ. ಸುಣ್ಣದ ಕಲ್ಲಿನ ಬೋರಿನ ನೀರು 8ರ ಆಸುಪಾಸು ಇರುವುದು ಸಾಮಾನ್ಯ. ಮೆದು ನೀರಿನ ಊರಿನಲ್ಲಿ ತಡೆದುಕೊಳ್ಳುವ ಮೀನು ನಮ್ಮಲ್ಲಿ ಅಷ್ಟೇ ಹೊಲಸಿಗೆ ಸಾಯುವುದು ಇದರಿಂದಲೇ.

ಆದ್ದರಿಂದ ಇವತ್ತೇ ಶುರು ಮಾಡಿ. ತಳದಲ್ಲಿರುವ ಕಾಳು, ಹೊಲಸನ್ನು ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ. ಅದರ ಜೊತೆಗೆ ಅರ್ಧ ನೀರು ಹೋಗಲಿ. ಹೊಸ ನೀರನ್ನು ನಿಧಾನ ತುಂಬಿ. ಪೂರ್ತಿ ನೀರು ಒಮ್ಮೆಲೇ ಚೆಲ್ಲಿ, ಬೌಲನ್ನು ಸೋಪು ಹಾಕಿ ತಿಕ್ಕಬೇಡಿ. ಶಾಖ, ಪಿಎಚ್ ಎಲ್ಲ ಒಂದೇ ಏಟಿಗೆ ಬದಲಾದರೆ ನೊಂದ ಮೀನು ತಾಳುವುದಿಲ್ಲ. ಮರುದಿನದಿಂದ ದಿನಾ ಒಂದು ಚರಿಗೆಯಷ್ಟು, ಅಂದರೆ ಲೀಟರಿಗೆ ಸ್ವಲ್ಪ ಮೇಲೆ, ತೆಗೆದು ಅಷ್ಟೇ ಹಾಕಿ. ಎರಡು ವಾರ ಬಿಡದೇ ಮಾಡಿ. ಬೇಸರದ ಕೆಲಸ ಹೌದು. ಆದರೆ ಇದಕ್ಕಿಂತ ಒಳ್ಳೆಯ ಔಷಧ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಹೊಸ ನೀರು ಬೌಲಿನ ನೀರಿನಷ್ಟೇ ಬೆಚ್ಚಗಿರಬೇಕು. ಬೆರಳಿಟ್ಟು ನೋಡುವುದಕ್ಕಿಂತ ಥರ್ಮಾಮೀಟರ್ ಒಳ್ಳೆಯದು. ನಳದ ನೀರಾದರೆ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಬಕೆಟ್‌ನಲ್ಲಿ 24 ಗಂಟೆ ಇಟ್ಟರೆ ಹೋಗುತ್ತದೆ. ಅವಸರಕ್ಕೆ ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಹನಿ ಸಿಗುತ್ತದೆ. ಬೋರಿನ ನೀರು ತೀರಾ ಸವಳಿದ್ದರೆ ಮನೆಯ ಆರ್‌ಒ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ, ಒಂದು ವಾರದಲ್ಲಿ ಅರ್ಧಕ್ಕೆ ಅರ್ಧ ಮಾಡಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಖನಿಜವೂ ಉಳಿದಿರುವುದಿಲ್ಲ.

ಅಂಚು ಕಪ್ಪಾಗಿದೆ ಅಂದಿದ್ದೀರಿ, ಹಾಗಾಗಿ ಉಪ್ಪು ಹಾಕಬಹುದು. ಬರೀ ಸೀಳಿದ್ದರೆ ಉಪ್ಪೂ ಬೇಡ ಅನ್ನುತ್ತಿದ್ದೆ. ಏನೂ ಬೆರೆಸದ ಹರಳುಪ್ಪು ತೆಗೆದುಕೊಳ್ಳಿ. 5 ಲೀಟರ್ ನೀರಿಗೆ ತಲೆ ಸವರಿದ ಒಂದು ಚಹಾ ಚಮಚ. ನಿಮ್ಮ ಬೌಲಿಗೆ ಅದಕ್ಕೂ ಸ್ವಲ್ಪ ಕಡಿಮೆ. ಹರಳನ್ನು ನೇರವಾಗಿ ಮೀನಿನ ಮೇಲೆ ಹಾಕಬೇಡಿ, ಲೋಟದ ನೀರಿನಲ್ಲಿ ಪೂರ್ತಿ ಕರಗಿಸಿ ನಿಧಾನ ಸುರಿಯಿರಿ. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ. ಆದ್ದರಿಂದ ದಿನಾ ಎಷ್ಟು ನೀರು ತೆಗೆಯುತ್ತೀರೋ ಅಷ್ಟು ನೀರಿನ ಲೆಕ್ಕದ ಉಪ್ಪನ್ನಷ್ಟೇ ಮತ್ತೆ ಸೇರಿಸಿ. 10 ದಿನಕ್ಕಿಂತ ಮುಂದುವರಿಸಬೇಡಿ. ಜೀವಂತ ಗಿಡ ಇದ್ದರೆ ಬೇರೆ ಪಾತ್ರೆಯಲ್ಲಿಡಿ, ಉಪ್ಪಿಗೆ ಕೆಲವು ಗಿಡ ಕೊಳೆಯಬಹುದು.

ಬಾದಾಮಿ ಗಿಡದ ಎಲೆಯನ್ನೂ ನಾನು ಹಾಕುತ್ತೇನೆ. ತಿನ್ನುವ ಬಾದಾಮಿಯಲ್ಲ. ಶಾಲೆಯ ಅಂಗಳದಲ್ಲಿ ಕೊಡೆಯಂತೆ ಹರಡಿರುತ್ತದಲ್ಲ, ಅದು. ತಾನಾಗಿ ಉದುರಿ, ಒಣಗಿ ಕಂದಾದ ಎಲೆ ಬೇಕು. ರಸ್ತೆ ಬದಿಯದು, ಔಷಧ ಹೊಡೆದದ್ದು ಬೇಡ. ಚೆನ್ನಾಗಿ ತೊಳೆದು ಅಂಗೈಯಷ್ಟು ತುಂಡು ಹಾಕಿ. ನೀರು ತೆಳು ಚಹಾದ ಬಣ್ಣ ಆಗುತ್ತದೆ, ಹೆದರಬೇಡಿ. ಅದರಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಇದೆ, ಬ್ಯಾಕ್ಟೀರಿಯಾವನ್ನು ಸ್ವಲ್ಪ ಹಿಡಿದಿಡುತ್ತದೆ. ಎಲೆ ಹಾಕಿದರೆ ಪಿಎಚ್ ಇಳಿದೇಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ನಮ್ಮ ಸವಳು ನೀರಿನಲ್ಲಿ ಅಷ್ಟು ಇಳಿಯುವುದಿಲ್ಲ. ಆದರೆ ಮೀನು ಎಲೆಯ ಕೆಳಗೆ ಹೋಗಿ ಮಲಗುತ್ತದೆ. ನೊಂದ ಮೀನಿಗೆ ಅಡಗಲು ಜಾಗ ಸಿಕ್ಕರೆ ಅದೇ ಅರ್ಧ ಆರಾಮ.

ಕಾಳು ಬೆಳಿಗ್ಗೆ ಎರಡು, ಸಂಜೆ ಎರಡು ಸಾಕು. ಬೆಟ್ಟಾದ ಹೊಟ್ಟೆ ಅದರ ಕಣ್ಣಿಗಿಂತ ಬಹಳ ದೊಡ್ಡದಲ್ಲ. ಆರೋಗ್ಯವಾಗಿರುವ ದೊಡ್ಡ ಮೀನು ಮೂರ್ನಾಲ್ಕು ದಿನ ಏನೂ ತಿನ್ನದಿದ್ದರೂ ಏನೂ ಆಗುವುದಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಖಾಲಿ ಹೊಟ್ಟೆಯಲ್ಲೇ ಬಿಟ್ಟು ಹೋಗಿ. ಗಾಯ ಮಾಗುವಾಗ ವಾರಕ್ಕೆ ಎರಡು ಸಲ ಬ್ಲಡ್‌ವರ್ಮ್ ಅನ್ನುವ ಸಣ್ಣ ಕೆಂಪು ಹುಳ ಕೊಟ್ಟರೆ ಒಳ್ಳೆಯದು. ಸೊಳ್ಳೆಯ ಮರಿಹುಳವೂ ಇದಕ್ಕೆ ಬಹಳ ಇಷ್ಟ. ನಳ ದಿನಾ ಬರುವುದಿಲ್ಲವೆಂದು ನಾವೆಲ್ಲ ಡ್ರಮ್ಮಿನಲ್ಲಿ ನೀರು ಹಿಡಿದಿಡುತ್ತೇವೆ. ಅದರಲ್ಲಿ ಹುಳ ಕಂಡರೆ ಸೋಸಿ ಮೀನಿಗೆ ಹಾಕಿ, ಡ್ರಮ್ಮನ್ನು ಅವತ್ತೇ ಖಾಲಿ ಮಾಡಿ ತಿಕ್ಕಿ. ಮೀನಿಗೆಂದು ಹುಳ ಬೆಳೆಸಬೇಡಿ. ಡೆಂಗಿ ಸೊಳ್ಳೆ ಹುಟ್ಟುವುದು ಇಂಥ ತಿಳಿ ನೀರಿನಲ್ಲೇ.

ದಿನಾ ಒಂದೇ ಹೊತ್ತಿಗೆ ಮೊಬೈಲಿನಲ್ಲಿ ಬಾಲದ ಫೋಟೊ ತೆಗೆಯಲು ಮಗನಿಗೆ ಹೇಳಿ. ಕಣ್ಣಳತೆ ಮೋಸ ಮಾಡುತ್ತದೆ, ಫೋಟೊ ಮಾಡುವುದಿಲ್ಲ. ಒಂದು ವಾರ, 10 ದಿನದಲ್ಲಿ ಅಂಚಿಗೆ ಗಾಜಿನಂಥ, ಬಣ್ಣವಿಲ್ಲದ ಪೊರೆ ಕಾಣಿಸುತ್ತದೆ. ಅದು ಕೊಳೆಯಲ್ಲ, ಹೊಸ ರೆಕ್ಕೆ! ಬಹಳ ಜನ ಇಲ್ಲೇ ಗಾಬರಿಯಾಗಿ ಮತ್ತೆ ಔಷಧ ಹಾಕುತ್ತಾರೆ. ಕೊಳೆಯಾದರೆ ಅಂಚು ಕಪ್ಪು ಅಥವಾ ಕೆಂಪು ಇರುತ್ತದೆ, ಇಲ್ಲವೇ ಹತ್ತಿಯಂತೆ ಬಿಳಿ ಕಟ್ಟುತ್ತದೆ, ಮತ್ತು ದಿನದಿಂದ ದಿನಕ್ಕೆ ಬಾಲ ಗಿಡ್ಡವಾಗುತ್ತದೆ. ಹೊಸ ಪೊರೆ ಇದ್ದರೆ ಬಾಲ ಉದ್ದವಾಗುತ್ತದೆ. ಸೀಳು ಕೂಡಲು ಎರಡು, ಮೂರು ವಾರ. ತುಂಬಾ ಹೋಗಿದ್ದರೆ ಎರಡು ತಿಂಗಳೂ ಬೇಕು. ಹೊಸ ಭಾಗದ ಬಣ್ಣ ಮೊದಲಿನದಕ್ಕಿಂತ ಬೇರೆ ಇರಬಹುದು, ಕಡ್ಡಿ ಸ್ವಲ್ಪ ಸೊಟ್ಟ ಬರಬಹುದು. ಮೀನಿಗೆ ಅದರಿಂದ ತೊಂದರೆಯಿಲ್ಲ.

ಒಂದು ವಾರ ಇಷ್ಟೆಲ್ಲ ಮಾಡಿದರೂ ಕಪ್ಪು ಒಳಗೆ ಒಳಗೆ ಸರಿಯುತ್ತಿದ್ದರೆ, ಅಥವಾ ಮೀನು ಊಟ ಬಿಟ್ಟು ರೆಕ್ಕೆ ಮಡಚಿ ಕೂತರೆ, ಆಗ ಪಶುವೈದ್ಯರಿಗೆ ತೋರಿಸಿ. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ನಮ್ಮ ಪಕ್ಕದ ಬೀದರಿನಲ್ಲೇ. ಫೋಟೊಗಳನ್ನು ಜೊತೆಗೆ ಒಯ್ಯಿರಿ. ಔಷಧ ಅವರು ಹೇಳಿದ ಮೇಲೆ, ಹೇಳಿದಷ್ಟೇ.

ಮತ್ತೊಂದು ವಿಷಯ. 4 ಲೀಟರ್ ಈ ಮೀನಿಗೆ ಸಾಲದು. ಫೈಟರ್‌ಗೆ ಒಂದು ಲೋಟ ನೀರಿದ್ದರೂ ಸಾಕು ಅನ್ನುವ ಮಾತು ಯಾಕೆ ಬಂತೆಂದರೆ, ಇದರ ತಲೆಯಲ್ಲಿ ಗಾಳಿಯನ್ನೇ ಉಸಿರಾಡುವ ಒಂದು ಅಂಗ ಇದೆ. ಮೇಲೆ ಬಂದು ಬಾಯಿ ತೆರೆದು ಹೋಗುವುದನ್ನು ನೀವೂ ನೋಡಿರುತ್ತೀರಿ. ಆದ್ದರಿಂದ ಕೆಟ್ಟ ನೀರಿನಲ್ಲೂ ಉಸಿರುಗಟ್ಟಿ ತಕ್ಷಣ ಸಾಯುವುದಿಲ್ಲ. ಸಾಯದೇ ಇರುವುದು ಬೇರೆ, ಸುಖವಾಗಿರುವುದು ಬೇರೆ ಅಲ್ವಾ? ಇದರ ಮೂಲ ಊರು ಥಾಯ್ಲೆಂಡ್. ಅಲ್ಲಿನ ಭತ್ತದ ಗದ್ದೆ, ಜೌಗಿನ ನೀರು ಆಳ ಇರುವುದಿಲ್ಲ ನಿಜ, ಆದರೆ ಅಗಲ ಎಷ್ಟಿರುತ್ತದೆ ಯೋಚಿಸಿ. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಮಗನಿಗೆ ಇದನ್ನು ಹೇಳಿ, ಖುಷಿಪಡುತ್ತಾನೆ. ಮೀನು ಆರಾಮಾದ ಮೇಲೆ 15–20 ಲೀಟರಿನ ಮುಚ್ಚಳವಿರುವ ತೊಟ್ಟಿ ಕೊಡಿಸಿ. ಮುಚ್ಚಳ ಬೇಕೇ ಬೇಕು, ಇವು ಜಿಗಿಯುತ್ತವೆ.

ಪ್ರಶ್ನೆ: ನಮ್ಮ ಊರಿನಲ್ಲಿ ಈಗ ರಾತ್ರಿ ಕೈ ಮರಗಟ್ಟುವಷ್ಟು ಚಳಿ. ನನ್ನ ಬೆಟ್ಟಾದ ರೆಕ್ಕೆಯ ಗಾಯ ಒಂದು ತಿಂಗಳಾದರೂ ಹಾಗೇ ಇದೆ, ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ದಿನವಿಡೀ ತಳದಲ್ಲಿ ಮಲಗಿರುತ್ತದೆ. ನೀರು ಸರಿಯಾಗಿ ಬದಲಿಸುತ್ತೇನೆ. ಹೀಟರ್ ಹಾಕಲು ಭಯ.
— ನಿವೃತ್ತ ನೌಕರರು, ಬೀದರ

ಉತ್ತರ: ಸರ್, ನಿಮ್ಮ ಮೀನಿಗೆ ಚಳಿಯಾಗಿದೆ. ಬೀದರ ಎತ್ತರದ ಊರು, ನಮ್ಮ ಕಲಬುರಗಿಗಿಂತ ನಿಮ್ಮಲ್ಲಿ ಚಳಿ ಜಾಸ್ತಿ. ಬೆಟ್ಟಾಕ್ಕೆ 25ರಿಂದ 27 ಡಿಗ್ರಿ ಬೇಕು. ನೀರು 20ಕ್ಕೆ ಇಳಿದರೆ ಮೈಯ ಕೆಲಸಗಳೆಲ್ಲ ನಿಧಾನವಾಗುತ್ತವೆ. ಜೀರ್ಣವೂ ನಿಧಾನ, ಗಾಯ ಮಾಗುವುದೂ ನಿಧಾನ. ಹಗಲು ಬಿಸಿ, ರಾತ್ರಿ ತಣ್ಣಗೆ ಆಗುವುದು ಇನ್ನೂ ಕೆಟ್ಟದ್ದು.

ಹೀಟರ್‌ಗೆ ಹೆದರಬೇಡಿ. 15 ಲೀಟರಿನ ತೊಟ್ಟಿಗೆ ತಾನೇ ಬಂದ್ ಆಗುವ, ಅಂದರೆ ಥರ್ಮೋಸ್ಟಾಟ್ ಇರುವ 25 ವಾಟಿನದು ಸಾಕು. ಹೊಸ ಹೀಟರ್ ಹಾಕಿದ ದಿನ ಮನೆಯಲ್ಲೇ ಇದ್ದು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ. ನೀರು ಬದಲಿಸುವ ಮುಂಚೆ ಪ್ಲಗ್ ತೆಗೆದು 15 ನಿಮಿಷ ಬಿಡಿ. ನನ್ನದೊಂದು ಗಾಜಿನ ಹೀಟರ್ ಬಿಸಿ ಇದ್ದಾಗಲೇ ನೀರಿನಿಂದ ಹೊರಗೆ ಬಂದು ಒಡೆದುಹೋಯಿತು. ಕರೆಂಟ್ ಹೋದರೆ ತೊಟ್ಟಿಯ ಮೂರು ಬದಿಗೆ ಕೌದಿ ಸುತ್ತಿ. ಮೇಲೆ ಗಾಳಿ ಆಡಲು ಜಾಗ ಬಿಡಿ, ಆ ಗಾಳಿಯನ್ನೇ ಅದು ಉಸಿರಾಡುವುದು. ಬಿಸಿ ನೀರು ಮಾತ್ರ ಸುರಿಯಬೇಡಿ. ಈಗ 19 ಇದ್ದರೆ ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿ.

ಪ್ರಶ್ನೆ: ಮೇಡಂ, ನನ್ನದು ಬಿಳಿ ಹಾಫ್‌ಮೂನ್ ಬೆಟ್ಟಾ. ಒಂಟಿಯಾಗಿದೆ, ಚೂಪಾದ ವಸ್ತು ಏನೂ ಇಲ್ಲ, ನೀರು ಚೆನ್ನಾಗಿದೆ. ಆದರೂ ರಾತ್ರಿ ಬೆಳಗಾಗುವುದರಲ್ಲಿ ಬಾಲದಲ್ಲಿ ಅರ್ಧಚಂದ್ರದಂತೆ ತುಂಡು ಮಾಯವಾಗಿರುತ್ತದೆ. ಬೆಳೆಯುತ್ತದೆ, ಮತ್ತೆ ಹೋಗುತ್ತದೆ.
— ಪಿಯುಸಿ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ನೀನು ಬಹಳ ಚೆನ್ನಾಗಿ ಗಮನಿಸಿದ್ದೀಯಮ್ಮ. ಆ ಅರ್ಧಚಂದ್ರ ಅದರದೇ ಬಾಯಿಯ ಗುರುತು. ಬೆಟ್ಟಾ ಕೆಲವೊಮ್ಮೆ ತನ್ನ ಬಾಲವನ್ನು ತಾನೇ ಕಚ್ಚುತ್ತದೆ. ಹಾಫ್‌ಮೂನ್‌ನಲ್ಲಿ ಇದು ಜಾಸ್ತಿ. ಬಾಲ ಅಗಲಿಸಿದರೆ 180 ಡಿಗ್ರಿ, ಅರ್ಧ ವೃತ್ತ. ನೋಡಲು ಚೆಂದ, ಹೊತ್ತು ಈಜಲು ಭಾರ. ನೀರಿನಲ್ಲಿ ಸೆಳೆತ ಇದ್ದರೆ ಇನ್ನೂ ದಣಿಯುತ್ತದೆ. ನಿನ್ನ ಫಿಲ್ಟರ್‌ನ ಬಾಯಿಗೆ ಸ್ಪಂಜಿನ ತುಂಡು ಕಟ್ಟಿ ರಭಸ ಕಡಿಮೆ ಮಾಡು. ಮೇಲ್ಗಡೆ ಒಂದು ಅಗಲ ಎಲೆ ಇಡು, ಹತ್ತಿ ಕೂರಲಿ.

ಮತ್ತೆ ಗಾಜನ್ನು ನೋಡು. ಕೋಣೆ ಕತ್ತಲಾಗಿ ತೊಟ್ಟಿಯ ದೀಪ ಮಾತ್ರ ಉರಿಯುತ್ತಿದ್ದರೆ ಗಾಜು ಕನ್ನಡಿಯಾಗುತ್ತದೆ. ತನ್ನದೇ ಬಿಂಬವನ್ನು ಶತ್ರು ಅಂದುಕೊಂಡು ರಾತ್ರಿಯೆಲ್ಲ ರೇಗುತ್ತಿರುತ್ತದೆ. ಓದುವುದು ಮುಗಿದ ಮೇಲೆ ಮೊದಲು ತೊಟ್ಟಿಯ ದೀಪ ಆರಿಸು, ಆಮೇಲೆ ಕೋಣೆಯದು. ಹಿಂಬದಿಗೆ ಕಪ್ಪು ಹಾಳೆ ಅಂಟಿಸು. ನನ್ನ ಹತ್ತಿರ ಇದ್ದ ಹಾಫ್‌ಮೂನ್ ಇಷ್ಟಕ್ಕೇ ನಿಲ್ಲಿಸಿತು. ಕೆಲವು ನಿಲ್ಲಿಸುವುದಿಲ್ಲ. ಹಾಗಾದರೂ ನೀರು ಚೊಕ್ಕಟವಾಗಿದ್ದರೆ ಗಾಯ ಕೊಳೆಯದೇ ಮಾಗುತ್ತದೆ. ಮುಂದೆ ಇನ್ನೊಂದು ತರುವುದಿದ್ದರೆ ಪ್ಲಾಕಾಟ್ ಅನ್ನುವ ಗಿಡ್ಡ ರೆಕ್ಕೆಯದನ್ನು ತಾ. ನನ್ನ ಕಣ್ಣಿಗೆ ಅದೇ ನಿಜವಾದ ಬೆಟ್ಟಾ, ಬಾಣದ ಹಾಗೆ ಓಡುತ್ತದೆ.

ಪ್ರಶ್ನೆ: ತೊಟ್ಟಿಯೊಳಗೆ ಗುಹೆಯಂತೆ ಇರಲಿ ಎಂದು ಪರಸಿ ಕಲ್ಲಿನ ತುಂಡುಗಳನ್ನು ಜೋಡಿಸಿದ್ದೇನೆ. ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ರೆಕ್ಕೆಗೆ ತೊಂದರೆಯೇ?
— ಓದುಗರು, ಶಹಾಬಾದ

ಉತ್ತರ: ಎರಡು ರೀತಿ ತೊಂದರೆ. ಒಡೆದ ಪರಸಿಯ ಅಂಚು ಬ್ಲೇಡಿನಂತೆ ಇರುತ್ತದೆ. ಜೊತೆಗೆ ಅದು ಸುಣ್ಣದ ಕಲ್ಲು, ನೀರಿನಲ್ಲಿ ನಿಧಾನ ಕರಗಿ ಸವಳು ಹೆಚ್ಚಿಸುತ್ತದೆ. ಕಲ್ಲಿನ ಮೇಲೆ ವಿನೆಗರ್ ಹನಿ ಬಿಟ್ಟರೆ ಬುರುಬುರು ನೊರೆ ಬರುತ್ತದೆ, ನೋಡಿ. ಯಾವ ಕಲ್ಲಿಗೆ ನೊರೆ ಬರುತ್ತದೋ ಅದು ಬೆಟ್ಟಾ ತೊಟ್ಟಿಗೆ ಬೇಡ. ಬೀದರಿನ ತೂತುತೂತಾದ ಕೆಂಪು ಕಲ್ಲೂ ಒರಟು, ರೆಕ್ಕೆ ತರಚುತ್ತದೆ. ಅಡಗಲು ಒಂದು ಸಣ್ಣ ಮಣ್ಣಿನ ಕುಡಿಕೆ ಅಡ್ಡ ಮಲಗಿಸಿ. ಬಣ್ಣ ಹಚ್ಚಿರಬಾರದು, ಬಾಯಿಯ ಅಂಚನ್ನು ಉಜ್ಜು ಕಾಗದದಿಂದ ನುಣ್ಣಗೆ ಮಾಡಿ.

ಪ್ರಶ್ನೆ: ನಿನ್ನೆಯಷ್ಟೇ ಕ್ರೌನ್ ಟೇಲ್ ಅನ್ನುವ ಕೆಂಪು ಬೆಟ್ಟಾ ತಂದೆ. ಬಾಲ, ಬೆನ್ನಿನ ರೆಕ್ಕೆ ಎಲ್ಲ ಬಾಚಣಿಗೆಯ ಹಲ್ಲಿನಂತೆ ಸೀಳಿದೆ. ಹರಿದಿದೆ ಎಂದು ಉಪ್ಪು ಹಾಕಿದ್ದೇನೆ. ಎಷ್ಟು ದಿನಕ್ಕೆ ಕೂಡುತ್ತದೆ?
— ಓದುಗರು, ಸೇಡಂ

ಉತ್ತರ: ಅದು ಕೂಡುವುದಿಲ್ಲ, ಕೂಡಬೇಕಾಗಿಯೂ ಇಲ್ಲ. ಆ ತಳಿಯ ರೆಕ್ಕೆ ಇರುವುದೇ ಹಾಗೆ. ಪೊರೆ ಗಿಡ್ಡ, ಕಡ್ಡಿ ಉದ್ದ. ಅದಕ್ಕೇ ಕಿರೀಟದ ಬಾಲ ಅಂತ ಹೆಸರು. ಹಲ್ಲುಗಳು ಎಲ್ಲ ಕಡೆ ಒಂದೇ ಸಮ ಇದ್ದು, ತುದಿ ನೆಟ್ಟಗೆ, ಬಣ್ಣ ಸ್ವಚ್ಛ ಇದ್ದರೆ ನಿಮ್ಮ ಮೀನು ಆರಾಮಾಗಿದೆ. ಉಪ್ಪು ಬೇಡ. ಇವತ್ತು ಮೂರನೇ ಒಂದು ಭಾಗ ನೀರು ತೆಗೆದು ಸಾದಾ ನೀರು ಹಾಕಿ, ನಾಳೆ ನಾಡಿದ್ದು ಮತ್ತೆ ಅಷ್ಟೇ. ಮೂರ್ನಾಲ್ಕು ದಿನದಲ್ಲಿ ಉಪ್ಪಿನ ಬಹುಭಾಗ ಹೋಗಿರುತ್ತದೆ.